ಅಜ್ಜನ ಟ್ರಂಕಿನ ಗುಂಡುಗಳು: ಯಾವುದು ಯುದ್ಧದ್ದು, ಯಾವುದು ಅಲ್ಲ?

ಪ್ರಶ್ನೆ: ನಮ್ಮದು ಕಾರ್ಕಳದ ಹತ್ತಿರ ಹಳೆಯ ಹೆಂಚಿನ ಮನೆ. ಮಾಡು ರಿಪೇರಿಗೆಂದು ಅಟ್ಟ ಖಾಲಿ ಮಾಡುವಾಗ ಅಜ್ಜನ ಟ್ರಂಕು ಸಿಕ್ಕಿತು. ಅಜ್ಜ ಎರಡನೇ ಮಹಾಯುದ್ಧದ ಹೊತ್ತಿಗೆ ಸೈನ್ಯದಲ್ಲಿದ್ದು ಬರ್ಮಾ ಕಡೆ ಹೋಗಿ ಬಂದವರು. ಟ್ರಂಕಿನಲ್ಲಿ ಒಂದು ಇಡೀ ಬುಲೆಟ್ ಇದೆ. ಅದರ ಹಿಂಭಾಗದಲ್ಲಿ ಕೆ, ಎಫ್, ಎರಡರ ನಡುವೆ ಬಾಣದ ಗುರುತು, 43 ಮತ್ತು ರೋಮನ್ ಏಳು ಕಾಣುತ್ತದೆ. ಜೊತೆಗೆ ಸುಮಾರು 5 ಸೆಂಟಿಮೀಟರ್ ಉದ್ದದ ಒಂದು ಖಾಲಿ ಹಿತ್ತಾಳೆ ಕೊಳವೆ ಇದೆ, ಅದರ ಮೇಲೆ ಏನೂ ಬರೆದಿಲ್ಲ. ನನ್ನ ಹತ್ತಿರ ಬೇರೆ ಎರಡು ಇವೆ. ಒಂದು ಚಿಕ್ಕವನಿದ್ದಾಗ ಗುಡ್ಡೆಯಲ್ಲಿ ಹೆಕ್ಕಿದ, ಮೂತಿ ಜಜ್ಜಿಹೋದ ಚೂಪು ಗುಂಡು. ಇನ್ನೊಂದು ತೋಟದಲ್ಲಿ ಅಡಿಕೆ ಸಸಿಗೆ ಗುಂಡಿ ತೆಗೆಯುವಾಗ ಸಿಕ್ಕ, 15 ಮಿಲಿಮೀಟರ್ ದಪ್ಪದ ಸೀಸದ ಗುಂಡು. ಅದು ಟಿಪ್ಪು ಕಾಲದ್ದು ಅಂತ ನೆರೆಮನೆಯವರು ಹೇಳುತ್ತಾರೆ. ಜಜ್ಜಿದ್ದು ದಮ್‌ದಮ್ ಬುಲೆಟ್ ಅಂತ ಇನ್ನೊಬ್ಬರು. ಯಾವುದು ಯಾವ ಕಾಲದ್ದು? ಹುಣಸೆಹುಳಿ ಹಾಕಿ ತಿಕ್ಕಿ, ಗಾಜಿನ ಪೆಟ್ಟಿಗೆಯಲ್ಲಿ ಚಾವಡಿಯಲ್ಲಿ ಇಡಬಹುದಾ?

ಉತ್ತರ: ಹುಣಸೆಹುಳಿಯನ್ನು ಸದ್ಯಕ್ಕೆ ಅಡುಗೆಮನೆಯಲ್ಲೇ ಬಿಡಿ. ಆ ಇಡೀ ಬುಲೆಟ್ ಕೈಯಲ್ಲಿದ್ದರೆ ಅದನ್ನೂ ಮೆಲ್ಲಗೆ ಕೆಳಗಿಡಿ.

ನೀವು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಹಿಂಭಾಗದ ನಡುವೆ ಒಂದು ಸಣ್ಣ ದುಂಡು ಕ್ಯಾಪ್ ಇದೆ, ಬಂದೂಕಿನ ಪಿನ್ ಬಡಿದಾಗ ಕಿಡಿ ಹಾರಿಸಿ ಒಳಗಿನ ಮದ್ದು ಹೊತ್ತಿಸುವುದು ಅದೇ. ಅದರ ಮೇಲೆ ಪಿನ್ ಬಡಿದ ಗುಳಿ ಇಲ್ಲ. ಮೂತಿಯಲ್ಲಿ ಗುಂಡು ಕೂತೇ ಇದೆ. ಅಂದರೆ ಅದು ಹಾರದೇ ಉಳಿದದ್ದು, ಪತ್ರಿಕೆಯವರು ಬರೆಯುವ 'ಸಜೀವ ಗುಂಡು'. ಎಂಬತ್ತು ವರ್ಷ ಆಯಿತು, ಇನ್ನೇನು ಸಿಡಿಯುತ್ತದೆ ಅಂತ ಜನ ಧೈರ್ಯ ಮಾಡುತ್ತಾರೆ. ಆ ಧೈರ್ಯ ಬೇಡ ಮಾರಾಯ್ರೆ. ಒಣಗಿದ ಜಾಗದಲ್ಲಿದ್ದ ಹಳೆಯ ಮದ್ದು ಎಷ್ಟೋ ಸಲ ಹೊಸದರಷ್ಟೇ ಚೆನ್ನಾಗಿ ಉರಿಯುತ್ತದೆ. ಕ್ಯಾಪ್ ಮಾತ್ರ ಪೆಟ್ಟು ಬಿದ್ದರೆ, ಬಿಸಿ ತಗಲಿದರೆ ಯಾವಾಗ ಏನು ಮಾಡುತ್ತದೋ ನಂಬುವ ಹಾಗಿಲ್ಲ.

ಮುಂದೆ ಗೊಂದಲ ಆಗದಿರಲಿ ಅಂತ ಒಂದು ಮಾತು. ನಾವು ಮಾತಿನಲ್ಲಿ ಇಡೀ ತೋಟೆಗೂ ಬುಲೆಟ್ ಅನ್ನುತ್ತೇವೆ, ಹಾರಿಹೋಗುವ ಮೂತಿಗೂ ಬುಲೆಟ್ ಅನ್ನುತ್ತೇವೆ. ಇಲ್ಲಿ ನಾನು ಇಡೀದಕ್ಕೆ ತೋಟೆ, ಹಾರುವ ಭಾಗಕ್ಕೆ ಗುಂಡು, ಹಿಂದೆ ಉಳಿಯುವ ಹಿತ್ತಾಳೆಗೆ ಕೇಸ್ ಅಂತ ಬರೆಯುತ್ತೇನೆ.

ನಿಮ್ಮ ತೋಟೆ 'ತ್ರೀ ನಾಟ್ ತ್ರೀ', ಅಂದರೆ .303 ರೈಫಲಿನದು. ಇದರಲ್ಲಿ ಸಂಶಯವೇ ಇಲ್ಲ. ಕೆ ಮತ್ತು ಎಫ್ ಅಂದರೆ ಪುಣೆಯ ಹತ್ತಿರದ ಕಿರ್ಕಿ ಕಾರ್ಖಾನೆ, ಈಗಿನ ಖಡ್ಕಿ. 1869ರಲ್ಲಿ ಶುರುವಾದದ್ದು. ನಡುವಿನ ಬಾಣ 'ಇದು ಸರ್ಕಾರದ ಸ್ವತ್ತು' ಅಂತ ಬ್ರಿಟಿಷರು ಹಾಕುತ್ತಿದ್ದ ಗುರುತು. 43 ಅಂದರೆ 1943. ರೋಮನ್ ಏಳು ಅಂದರೆ ಮಾರ್ಕ್ ಸೆವೆನ್ ಮಾದರಿ. ಈ ಮಾದರಿ ಬಂದದ್ದು 1910ರಲ್ಲಿ. ಅದಕ್ಕೂ ಹಿಂದಿನ ಮಾರ್ಕ್ ಸಿಕ್ಸ್ ಗುಂಡಿನ ಮೂತಿ ಮೊಂಡು, ತೂಕವೂ ಜಾಸ್ತಿ, ಹತ್ತಿರ ಹತ್ತಿರ 14 ಗ್ರಾಂ. ಮಾರ್ಕ್ ಸೆವೆನ್ ಚೂಪು, 11.3 ಗ್ರಾಂ. ಎರಡು ಮಹಾಯುದ್ಧದಲ್ಲೂ ಇದೇ ನಡೆದದ್ದರಿಂದ ರೋಮನ್ ಏಳು ನೋಡಿ ಯಾವ ಯುದ್ಧ ಅಂತ ಹೇಳಲಾಗದು, ಇಸವಿಯೇ ಹೇಳಬೇಕು. ಕ್ಯಾಪಿನ ಸುತ್ತ ಬಣ್ಣದ ಉಂಗುರ ಉಳಿದಿದ್ದರೆ ಅದನ್ನೂ ದೂರದಿಂದಲೇ ನೋಡಿ. ನೇರಳೆ ಆದರೆ ಸಾಮಾನ್ಯ ಗುಂಡು. ಕೆಂಪು ಆದರೆ ಟ್ರೇಸರ್, ಹಾರುವಾಗ ಉರಿಯುತ್ತಾ ದಾರಿ ತೋರಿಸುವಂಥದ್ದು. ಹಸಿರು ಕವಚ ಒಡೆಯುವಂಥದ್ದು. ನೀಲಿ ಬೆಂಕಿ ಹಚ್ಚುವಂಥದ್ದು. ಕೆಂಪು ಅಥವಾ ನೀಲಿ ಕಂಡರೆ ಪೊಲೀಸರಿಗೆ ಫೋನ್ ಮಾಡುವಾಗ ಅದನ್ನೂ ಹೇಳಿ.

ಒಳಗಿರುವುದು ಪುಡಿಮದ್ದಲ್ಲ, ಕಾರ್ಡೈಟ್ ಅನ್ನುವ ಮದ್ದು. ಶ್ಯಾವಿಗೆ ಎಳೆಗಳ ಹಾಗೆ ಉದ್ದುದ್ದ ಇರುತ್ತದೆ. ಅದನ್ನು ತುಂಬುವ ಕ್ರಮ ಮಾತ್ರ ವಿಚಿತ್ರ. ಕೇಸಿನ ಕುತ್ತಿಗೆ ಸಣ್ಣ, ಎಳೆಗಳ ಕಟ್ಟು ದಪ್ಪ, ಹೋಗುವುದಿಲ್ಲ. ಹಾಗಾಗಿ ಕೇಸ್ ಇನ್ನೂ ನೆಟ್ಟಗಿರುವಾಗಲೇ ಕಾರ್ಡೈಟ್ ಇಳಿಸಿ, ಆಮೇಲೆ ಕುತ್ತಿಗೆ ಒತ್ತುತ್ತಿದ್ದರು. ಕೆಲವರು ಇಕ್ಕಳದಲ್ಲಿ ಗುಂಡು ಕಿತ್ತು 'ಖಾಲಿ ಮಾಡಿ' ಇಟ್ಟುಕೊಳ್ಳುತ್ತಾರೆ. ಹೀಗೆ ಕಿತ್ತರೂ ಕಾರ್ಡೈಟ್ ಪೂರ್ತಿ ಬರುವುದಿಲ್ಲ, ಕ್ಯಾಪ್ ಸಜೀವವಾಗಿಯೇ ಇರುತ್ತದೆ. ಆ ಕೆಲಸಕ್ಕೆ ಹೋಗಲೇಬೇಡಿ.

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಒಂದೇ ಒಂದು ಸಜೀವ ತೋಟೆ ಇಟ್ಟುಕೊಂಡರೂ ಅಪರಾಧ. ಅಜ್ಜನ ನೆನಪು ಅನ್ನುವುದು ಲೈಸೆನ್ಸ್ ಆಗುವುದಿಲ್ಲ. ಇದೆ ಅಂತ ಗೊತ್ತಿಲ್ಲದೆ ಅಟ್ಟದಲ್ಲಿ ಉಳಿದಿದ್ದರೆ ಅದು ಬೇರೆ, ಗೊತ್ತಾದ ಮೇಲೂ ಶೋಕೇಸಿನಲ್ಲಿ ಇಟ್ಟರೆ ಬೇರೆ. ಕೋರ್ಟುಗಳೂ ಈ ವ್ಯತ್ಯಾಸ ನೋಡುತ್ತವೆ. ಈಗ ನಿಮಗೆ ಗೊತ್ತಾಗಿದೆ, ಹಾಗಾಗಿ ತಡ ಮಾಡಬೇಡಿ. ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿಕೊಂಡು ಠಾಣೆಗೆ ಹೊರಡಬೇಡಿ. ಮೊದಲು ಫೋನ್ ಮಾಡಿ, ಅವರೇ ಬಂದು ನೋಡಲಿ. ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಯಾರ ಟ್ರಂಕು ಅಂತ ಒಂದು ಅರ್ಜಿ ಬರೆದು ಕೊಡಿ. ಅದಕ್ಕೆ ಹಿಂಬರಹ ಕೇಳಿ ಪಡೆದುಕೊಳ್ಳಿ. ಫೋಟೋ ಹೇಗೂ ನಿಮ್ಮ ಹತ್ತಿರ ಇದೆ. ಹಿಂಭಾಗದ ಅಕ್ಷರಗಳ ಫೋಟೋ ಇದ್ದರೆ ಇತಿಹಾಸಕ್ಕೆ ಅಷ್ಟು ಸಾಕು, ವಸ್ತುವೇ ಬೇಕೆಂದಿಲ್ಲ. ಆ ತೋಟೆಯನ್ನಂತೂ ಬ್ಯಾಗಿನ ಮೂಲೆಯಲ್ಲಿ ಮರೆತು ಬಜಪೆ ವಿಮಾನ ನಿಲ್ದಾಣಕ್ಕೆ ಹೋಗಬೇಡಿ.

ಸರಿ, ಈಗ ನೀವು ಲೆಕ್ಕಕ್ಕೇ ತೆಗೆದುಕೊಳ್ಳದ ಖಾಲಿ ಕೊಳವೆಗೆ ಬರೋಣ. 'ಏನೂ ಬರೆದಿಲ್ಲ, ಬಿಸಾಡಲಾ' ಅಂತ ಫೋಟೋದ ಕೆಳಗೆ ಕೇಳಿದ್ದೀರಿ. ಬಿಸಾಡಬೇಡಿ! ನಾಲ್ಕರಲ್ಲಿ ಯುದ್ಧಭೂಮಿಯಿಂದಲೇ ಬಂದದ್ದು ಅಂತ ನಾನು ಧೈರ್ಯವಾಗಿ ಹೇಳುವುದು ಅದೊಂದನ್ನೇ.

ಏನೂ ಬರೆಯದಿರುವುದೇ ಅದರ ವಿಳಾಸ. ಬ್ರಿಟಿಷರು, ಅಮೆರಿಕದವರು, ಜರ್ಮನರು, ಇಟಲಿಯವರು, ಎಲ್ಲರೂ ರೈಫಲ್ ಕೇಸಿನ ಹಿಂಭಾಗಕ್ಕೆ ಕಾರ್ಖಾನೆ ಗುರುತು, ಇಸವಿ ಒತ್ತುತ್ತಿದ್ದರು. ಜಪಾನಿನ ಭೂಸೇನೆ ಮಾತ್ರ ತನ್ನ ರೈಫಲ್ ಕೇಸುಗಳ ಮೇಲೆ ಏನನ್ನೂ ಒತ್ತುತ್ತಿರಲಿಲ್ಲ. ಅವರ ವಿವರವೆಲ್ಲ ಪೊಟ್ಟಣದ ಮೇಲೆ. ಅಳತೆಯೂ ಹೊಂದುತ್ತದೆ. ಜಪಾನಿನ 6.5 ಮಿಲಿಮೀಟರ್ ಅರಿಸಾಕ ರೈಫಲಿನ ಕೇಸ್ 50 ಮಿಲಿಮೀಟರಿಗೆ ಒಂದು ಕೂದಲೆಳೆ ಜಾಸ್ತಿ. ನಮ್ಮ .303 ಕೇಸ್ 56 ಮಿಲಿಮೀಟರ್. ಹಿಂಭಾಗದ ಅಂಚನ್ನೂ ನೋಡಿ. .303ರಲ್ಲಿ ಅಂಚು ಎದ್ದು ಕಾಣುವಷ್ಟು ಹೊರಗೆ ಚಾಚಿರುತ್ತದೆ, ಅಡ್ಡಳತೆ 13.7 ಮಿಲಿಮೀಟರ್. ಜಪಾನಿನದರಲ್ಲಿ ಸುಮಾರು 12, ಮೈಗಿಂತ ತುಸುವೇ ಹೊರಗೆ. ಉಗುರಿನಿಂದ ಸವರಿದರೆ ತಗಲುತ್ತದೆ, ಅಷ್ಟೇ. ಅದರ ಮುಂದೆ ಸುತ್ತಲೂ ಒಂದು ಕಾಲುವೆ ಕೊರೆದಿರುತ್ತದೆ. ನಿಮ್ಮ ಫೋಟೋದಲ್ಲಿ ಆ ಕಾಲುವೆ ಸ್ಪಷ್ಟ ಇದೆ, ಕ್ಯಾಪಿನ ಮೇಲೆ ಪಿನ್ ಗುಳಿಯೂ ಇದೆ. ಇದು ಯಾರೋ ಹಾರಿಸಿದ ಕೇಸ್, ಖಾಲಿ. ಕತ್ತಲೆಯಲ್ಲಿ ಟಾರ್ಚ್ ಹಿಡಿದು ಬಾಯಿಯ ಅಂಚನ್ನು ನೋಡಿ. ತಿಳಿ ಗುಲಾಬಿ ಬಣ್ಣದ ಮೆರುಗೆಣ್ಣೆಯ ಚೂರು ಉಳಿದಿದ್ದರೆ ಅದು ಜಪಾನಿನ ಸಾಮಾನ್ಯ ಗುಂಡಿನ ಗುರುತು. ಹಸಿರಿದ್ದರೆ ಟ್ರೇಸರ್.

ಜಪಾನಿನವರ ಇನ್ನೊಂದು ರೈಫಲ್ 1939ರಲ್ಲಿ ಬಂತು, 7.7 ಮಿಲಿಮೀಟರಿನದು. ಬರ್ಮಾ, ಇಂಫಾಲ, ಕೊಹಿಮಾ ಕಡೆಯಿಂದ ಬಂದ ವಸ್ತು ಇರುವವರು ಇಲ್ಲಿ ಎಚ್ಚರ ವಹಿಸಬೇಕು. ಆ ಗುಂಡಿನ ದಪ್ಪ .303ಕ್ಕೆ ಬಹಳ ಹತ್ತಿರ. ಗುಂಡು ಮಾತ್ರ ಸಿಕ್ಕರೆ ದಪ್ಪ ಅಳೆದು ಬೇರ್ಪಡಿಸುವುದು ಕಷ್ಟ. ಕೇಸ್ ಇದ್ದರೆ ಸುಲಭ, ಅದರದು 58 ಮಿಲಿಮೀಟರ್, ಅಂಚು ಚಾಚಿರುವುದಿಲ್ಲ. ಸಾಲದ್ದಕ್ಕೆ ಜಪಾನಿನ ನೌಕಾಪಡೆಯವರು .303 ತೋಟೆಯನ್ನೇ ನಕಲು ಮಾಡಿ ಬಳಸುತ್ತಿದ್ದರು.

ನಿಮ್ಮ ಅಜ್ಜ ಎಲ್ಲಿದ್ದರು ಅಂತ ತಿಳಿಯಲು ಗುಂಡಿಗಿಂತ ಒಳ್ಳೆಯ ಸಾಕ್ಷಿ ಪದಕ. ಟ್ರಂಕಿನಲ್ಲಿ ಆರು ಮೂಲೆಯ ನಕ್ಷತ್ರದ ಪದಕ ಇದೆಯಾ ನೋಡಿ. ಬರ್ಮಾ ಸ್ಟಾರ್ ಅಂತ ಇದ್ದರೆ ಅವರು 1941ರ ಡಿಸೆಂಬರ್ ಮತ್ತು 1945ರ ಸೆಪ್ಟೆಂಬರ್ ನಡುವೆ ಆ ಕಡೆ ಸೇವೆಯಲ್ಲಿದ್ದದ್ದು ಖಾತ್ರಿ. ಭಾರತೀಯ ಸೈನಿಕರಿಗೆ ಕೊಟ್ಟ ಪದಕಗಳ ಹಿಂದೆ ಅಥವಾ ಅಂಚಿನಲ್ಲಿ ನಂಬರು, ಹೆಸರು, ದಳ ಕೊರೆದಿರುವುದು ವಾಡಿಕೆ. ಆ ನಂಬರು ಸಿಕ್ಕಿದರೆ ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಬಹುದು. ಹೇಗೆ ಬರೆಯುವುದು ಅಂತ ಮಂಗಳೂರಿನ ಸೈನಿಕ ಕಲ್ಯಾಣ ಇಲಾಖೆ ಕಚೇರಿಯಲ್ಲಿ ಕೇಳಿ.

ಇನ್ನು ಗುಡ್ಡೆಯ ಗುಂಡು. ಸಾಮಾನ್ಯವಾಗಿ ಇಂಥದ್ದನ್ನೇ ಎಲ್ಲರೂ 'ಯುದ್ಧದ ಗುಂಡು' ಅಂತ ಕಳಿಸುವುದು. ಆದರೆ ಎರಡು ಮಹಾಯುದ್ಧಗಳಲ್ಲಿ ಯಾವುದೂ ಉಡುಪಿ, ಮಂಗಳೂರಿನ ನೆಲಕ್ಕೆ ಬಂದಿಲ್ಲ. ಇಲ್ಲಿ ಯಾರೂ ರೈಫಲ್ ಹಿಡಿದು ಎದುರುಬದುರು ನಿಂತಿಲ್ಲ. ಹಾಗಾದರೆ ಗುಡ್ಡೆಯಲ್ಲಿ .303 ಗುಂಡು ಯಾಕೆ ಸಿಗುತ್ತದೆ? ಅಭ್ಯಾಸದ್ದು. ತ್ರೀ ನಾಟ್ ತ್ರೀ ಸ್ವಾತಂತ್ರ್ಯದ ನಂತರವೂ ಎಷ್ಟೋ ದಶಕ ಪೊಲೀಸರ ಹೆಗಲ ಮೇಲಿತ್ತು. 1948ರಲ್ಲಿ ಎನ್‌ಸಿಸಿ ಶುರುವಾದ ಮೇಲೆ ಕಾಲೇಜು ಹುಡುಗರ ಕೈಗೂ ಬಂತು. ಗುರಿ ಹೊಡೆಯಲು ಹಿಂದೆ ಗುಡ್ಡ ಇರುವ ಜಾಗ ಬೇಕು. ಸೈನ್ಯದಲ್ಲಿ ಅಂಥ ಜಾಗಕ್ಕೆ ಚಾಂದ್‌ಮಾರಿ ಅನ್ನುತ್ತಾರೆ. ಗುಂಡು ಹೋಗಿ ಮಣ್ಣಿನಲ್ಲಿ ಹೂತುಕೊಳ್ಳುತ್ತದೆ, ಮಳೆಗಾಲದಲ್ಲಿ ಗುಡ್ಡೆ ಜರಿದಾಗ ಮೇಲೆ ಬರುತ್ತದೆ. ನಿಮ್ಮ ಗುಡ್ಡೆಯ ಬುಡದಲ್ಲಿ ಹಿಂದೆ ಪೊಲೀಸರೋ ಎನ್‌ಸಿಸಿಯವರೋ ಗುರಿ ಅಭ್ಯಾಸ ಮಾಡುತ್ತಿದ್ದರಾ ಅಂತ ಊರಿನ ಹಿರಿಯರಲ್ಲಿ ಕೇಳಿ. ನನ್ನ ಅಂದಾಜಿಗೆ ಹೌದು ಅನ್ನುವ ಉತ್ತರವೇ ಬರುತ್ತದೆ.

ಅಂದಾಜು ಬೇಡ, ಖಾತ್ರಿ ಬೇಕು ಅಂದರೆ ಎರಡು ಕೆಲಸ ಮಾಡಿ. ಒಂದು, ತೂಕ. ಕಿರಾಣಿ ಅಂಗಡಿ ತಕ್ಕಡಿ ಸಾಲದು. ಚಿನ್ನದ ಕೆಲಸದವರ ಹತ್ತಿರ ಹೋಗಿ, ಅವರ ಮಿಷನ್ ಗ್ರಾಮಿನ ನೂರನೇ ಒಂದು ಭಾಗದವರೆಗೆ ತೋರಿಸುತ್ತದೆ. ಸುತ್ತಳತೆಗೆ ಕಾಗದ ಸುತ್ತಿ ಲೆಕ್ಕ ಹಾಕುವ ಉಪಾಯ ಇಲ್ಲಿ ನಡೆಯುವುದಿಲ್ಲ. .303 ಗುಂಡಿನ ದಪ್ಪ 7.9 ಮಿಲಿಮೀಟರ್, ಆಮೇಲೆ ಬಂದ ಎಸ್‌ಎಲ್‌ಆರ್ ರೈಫಲಿನ 7.62 ಗುಂಡಿನದು ಅಳೆದರೆ 7.8. ಕಾಗದಕ್ಕೆ ಈ ವ್ಯತ್ಯಾಸ ಸಿಕ್ಕುವುದಿಲ್ಲ. ತೂಕದಲ್ಲಿ ಮಾತ್ರ ಎದ್ದು ಕಾಣುತ್ತದೆ. ಒಂದು 11.3 ಗ್ರಾಂ, ಇನ್ನೊಂದು 9.5 ಗ್ರಾಂ. ಮಣ್ಣು ತಿಂದು, ಚೂರು ಉದುರಿ ತುಸು ಕಡಿಮೆ ಬರಬಹುದು. ಆದರೆ 11ರ ಹತ್ತಿರ ಬಂದದ್ದು 7.62 ಆಗಿರುವ ಹಾಗಿಲ್ಲ. ಹಿಂಬದಿಯನ್ನೂ ನೋಡಿ. ಮಾರ್ಕ್ ಸೆವೆನ್ನಿನ ಹಿಂಬದಿ ಚಪ್ಪಟೆ, ನಡುವೆ ಸೀಸ ಕಾಣುತ್ತದೆ. ಎಸ್‌ಎಲ್‌ಆರ್ ಗುಂಡು ಹಿಂದಕ್ಕೆ ಹೋಗುತ್ತಾ ಸಪೂರ ಆಗುತ್ತದೆ.

ಎರಡನೆಯದು ಗೀರುಗಳು. ರೈಫಲ್ ನಳಿಗೆಯ ಒಳಗೆ ಸುರುಳಿ ಕಾಲುವೆಗಳಿರುತ್ತವೆ. ಗುಂಡು ಹಾದುಹೋಗುವಾಗ ಅವುಗಳ ಗುರುತು ಮೈಮೇಲೆ ಬೀಳುತ್ತದೆ. ಗುಂಡನ್ನು ನೆಟ್ಟಗೆ ಹಿಡಿಯಿರಿ, ಬೆಳಕು ಬದಿಯಿಂದ ಬರಲಿ. ಗೀರುಗಳು ಮೇಲೆ ಹೋಗುತ್ತಾ ಎಡಕ್ಕೆ ವಾಲಿವೆಯೋ ಬಲಕ್ಕೋ ನೋಡಿ. ಮೂತಿ ಮೇಲೆ ಹಿಡಿದರೂ ಕೆಳಗೆ ಹಿಡಿದರೂ ವಾಲುವ ದಿಕ್ಕು ಬದಲಾಗುವುದಿಲ್ಲ, ಹಾಗಾಗಿ ಜಜ್ಜಿದ ಗುಂಡಿನಲ್ಲೂ ಈ ಪರೀಕ್ಷೆ ನಡೆಯುತ್ತದೆ. ಆಮೇಲೆ ಸುತ್ತ ತಿರುಗಿಸಿ ಎಷ್ಟಿವೆ ಅಂತ ಎಣಿಸಿ. ಬಂಗಾಳದ ಇಶಾಪುರದಲ್ಲಿ ತಯಾರಾದ ನಮ್ಮ ಲೀ ಎನ್‌ಫೀಲ್ಡ್, ಅಂದರೆ ಇದೇ ತ್ರೀ ನಾಟ್ ತ್ರೀ ರೈಫಲಿನದು ಐದು, ಎಡಕ್ಕೆ. ಅದೇ ತೋಟೆ ಹಾರಿಸುವ ಮೆಷಿನ್ ಗನ್, ಬ್ರೆನ್ ಗನ್ನಿನದು ಆರು, ಬಲಕ್ಕೆ. ಎಸ್‌ಎಲ್‌ಆರ್ ಕೂಡ ಆರು, ಬಲಕ್ಕೆ. ಯುದ್ಧದ ಅವಸರದಲ್ಲಿ ಅಮೆರಿಕ, ಕೆನಡಾಗಳಲ್ಲಿ ಮಾಡಿದ ಕೆಲವು ಎನ್‌ಫೀಲ್ಡ್ ರೈಫಲುಗಳಿಗೆ ಬರೀ ಎರಡೇ ಕಾಲುವೆ ಇದ್ದವು. ನಿಮ್ಮ ಫೋಟೋದ ಒಂದು ಬದಿಯಲ್ಲಿ ಎಡಕ್ಕೆ ವಾಲಿದ ಎರಡು ಗೀರು ಕಾಣುತ್ತವೆ, ಅವುಗಳ ನಡುವಿನ ಅಂತರ ನೋಡಿದರೆ ಒಟ್ಟು ಐದು ಇರಬೇಕು. ಎಣಿಸಿ ನೋಡಿ.

ದಮ್‌ದಮ್ ಅನ್ನುವ ಮಾತನ್ನು ಬಿಟ್ಟುಬಿಡಿ. ಕೋಲ್ಕತ್ತದ ಹತ್ತಿರದ ದಮ್‌ದಮ್ ಕಾರ್ಖಾನೆಯಲ್ಲಿ ಮೈಗೆ ಹೊಕ್ಕು ಅರಳುವ ಗುಂಡು ಮಾಡಿದ್ದು ನಿಜ. ಆದರೆ ಅದು 1890ರ ದಶಕದ ಕತೆ. 1899ರ ಹೇಗ್ ಘೋಷಣೆ ಅಂಥ ಗುಂಡುಗಳನ್ನು ನಿಷೇಧಿಸಿತು. ನಿಮ್ಮದು ಮುರಕಲ್ಲಿಗೆ ಬಡಿದು ಜಜ್ಜಿಹೋದದ್ದು, ಅಷ್ಟೇ. ಒಡೆದ ಮೂತಿಯೊಳಗೆ ಬೆಳ್ಳಗಿನ ಹಗುರ ಲೋಹ ಇಣುಕುತ್ತಿದೆ ಅಲ್ವಾ? ಅದು ಅಲ್ಯೂಮಿನಿಯಂ. ಮಾರ್ಕ್ ಸೆವೆನ್ನಿನ ಮೂತಿಯಲ್ಲಿ ಸೀಸದ ಬದಲು ಅಲ್ಯೂಮಿನಿಯಂ ತುಂಡು, ಕೊರತೆ ಇದ್ದಾಗ ಒತ್ತಿದ ಕಾಗದದ ಮುದ್ದೆ, ಇಡುತ್ತಿದ್ದರು. ತೂಕವೆಲ್ಲ ಹಿಂದಕ್ಕೆ ಹೋಗುತ್ತದೆ. ಈ ಒಂದು ಗುರುತು ಸಾಕು, ನಿಮ್ಮ ಗುಂಡು ಮಾರ್ಕ್ ಸೆವೆನ್. ಹಾಗಂತ ಚೆನ್ನಾಗಿರುವ ಗುಂಡನ್ನು ಇದಕ್ಕೋಸ್ಕರ ಯಾರೂ ಗರಗಸದಲ್ಲಿ ಕೊಯ್ಯಬೇಡಿ, ಟ್ರೇಸರ್ ಆಗಿದ್ದರೆ ಉರಿದೀತು.

ಇದೇ ಊರುಗಳಲ್ಲಿ ಸಿಗುವ ಇನ್ನೊಂದು ವಸ್ತು ಹೇಳಿಬಿಡುತ್ತೇನೆ, ತುಂಬ ಜನ ಮೋಸ ಹೋಗುತ್ತಾರೆ. ಹಿಂಭಾಗ ಥೇಟ್ .303ರ ಹಾಗೆ, ಆದರೆ ಕುತ್ತಿಗೆಯೇ ಇಲ್ಲದೆ ನೇರ ಕೊಳವೆ. ಅದು .410 ಮಸ್ಕೆಟಿನ ಕೇಸ್. ಎನ್‌ಫೀಲ್ಡ್ ರೈಫಲನ್ನೇ ಒಂದೊಂದೇ ತೋಟೆ ಹಾಕುವ ಹಾಗೆ ಮಾರ್ಪಡಿಸಿ ಪೊಲೀಸ್, ಕಾವಲಿನವರಿಗೆ ಕೊಟ್ಟ ಬಂದೂಕು ಅದು. ಯುದ್ಧಕ್ಕೂ ಅದಕ್ಕೂ ಸಂಬಂಧ ಇಲ್ಲ.

ಇನ್ನು ಟಿಪ್ಪು. ಸೀಸದ ಗುಂಡು ಸಿಕ್ಕಿದ ಕೂಡಲೇ ನಮ್ಮ ಜಿಲ್ಲೆಯಲ್ಲಿ ಟಿಪ್ಪುವಿನ ಹೆಸರು ಬರುತ್ತದೆ. ಇತಿಹಾಸ ಇಲ್ಲ ಅಂತಲ್ಲ. 1783ರ ಮೇಯಿಂದ 1784ರ ಜನವರಿವರೆಗೆ ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ್ದ. ಮಾರ್ಚ್‌ನಲ್ಲಿ ಮಂಗಳೂರು ಒಪ್ಪಂದ ಆಯಿತು. ಬೆಳ್ತಂಗಡಿಯ ಗಡಾಯಿಕಲ್ಲು ಕೋಟೆಯನ್ನು ಬ್ರಿಟಿಷರು ಹಿಡಿದದ್ದು 1799ರಲ್ಲಿ. 1837ರಲ್ಲಿ ಅಮರ ಸುಳ್ಯದ ರೈತರು ಮಂಗಳೂರಿನವರೆಗೂ ಬಂದಿದ್ದರು. ಅಂಥ ಜಾಗದ ಮಣ್ಣಿನಲ್ಲಿ ಸಿಕ್ಕಿದ್ದರೆ ನಾನೂ ಕಿವಿ ನೆಟ್ಟಗೆ ಮಾಡುತ್ತಿದ್ದೆ. ಆದರೆ ನಿಮ್ಮದು ಅಡಿಕೆ ತೋಟ. ಗಾತ್ರ 15 ಮಿಲಿಮೀಟರ್, ತೂಕ 20 ಗ್ರಾಂ ಆಸುಪಾಸು ಇರಬೇಕು. ಆ ಕಾಲದ ಕಂಪನಿ ಸಿಪಾಯಿಗಳ ಬ್ರೌನ್ ಬೆಸ್ ಮಸ್ಕೆಟಿನ ಗುಂಡು ಇದಕ್ಕಿಂತ ದೊಡ್ಡದು, 17.5 ಮಿಲಿಮೀಟರ್, 32 ಗ್ರಾಂ ಹತ್ತಿರ. ನಿಮ್ಮದರಲ್ಲಿ ಸುತ್ತಲೂ ಅಚ್ಚಿನ ಎರಡು ಹೋಳು ಕೂಡಿದ ಗೆರೆ ಇದೆ, ಸೀಸ ಹೊಯ್ದ ಜಾಗದಲ್ಲಿ ಮೊಳಕೆ ಕತ್ತರಿಸಿದ ಗುರುತೂ ಹಾಗೇ ಇದೆ. ಮನೆಯಲ್ಲೇ ಹೊಯ್ದದ್ದು. ಕೇಪಿನ ಕೋವಿಯಲ್ಲಿ ಹಂದಿಗೆ ಇಟ್ಟ ಈಡು ಅಂತ ನನ್ನ ತೀರ್ಮಾನ. ಅದೂ ನೂರು ವರ್ಷ ಹಳೆಯದಿರಬಹುದು, ನಿಮ್ಮ ಅಪ್ಪನ ಕಾಲದ್ದೂ ಇರಬಹುದು. ಮಲ್ಪೆ, ಗಂಗೊಳ್ಳಿ ಕಡೆಯವರು ಇದೇ ಪ್ರಶ್ನೆ ಕೇಳಿದರೆ ಮೊದಲು ತೂತು ಇದೆಯಾ ನೋಡಲು ಹೇಳುತ್ತೇನೆ. ತೂತಿದ್ದರೆ ಅದು ಬೀಸುಬಲೆಗೆ ಕಟ್ಟುವ ಸೀಸ. ಅಯಸ್ಕಾಂತ ಅಂಟಿದರೆ ಸೀಸವೇ ಅಲ್ಲ, ಕಬ್ಬಿಣ.

ಕೊನೆಗೆ ಹುಣಸೆಹುಳಿ. ದೇವರ ದೀಪಕ್ಕೆ ಸರಿ, ಇದಕ್ಕೆ ಬೇಡ. ಬಿಂಬುಳಿಯೂ ಬೇಡ, ಬ್ರಾಸೋ ಕೂಡ ಬೇಡ. ಹುಳಿ ಹಿತ್ತಾಳೆಯೊಳಗಿನ ಸತುವನ್ನು ಎಳೆದುಕೊಂಡು ಮೈ ಕೆಂಪಾಗಿಸುತ್ತದೆ. ಉಜ್ಜಿದರೆ ಬಾಯಂಚಿನ ಆ ಗುಲಾಬಿ ಚೂರು, ನೀವು ಎಣಿಸಬೇಕಾದ ಗೀರು, ಎರಡೂ ಹೋಗುತ್ತವೆ. ಮೃದುವಾದ ಬ್ರಷ್ಷಿನಲ್ಲಿ ಒಣ ಮಣ್ಣು ಉದುರಿಸಿ ಸಾಕು.

ಇಡುವ ಜಾಗ ಮುಖ್ಯ. ಹಟ್ಟಿಯ ಪಕ್ಕದ ಕೋಣೆ ಬೇಡ. ಬ್ರಿಟಿಷರ ಕಾಲದಲ್ಲಿ ಭಾರತದ ಕುದುರೆ ಲಾಯಗಳಲ್ಲಿ ಇಟ್ಟ ತೋಟೆಗಳ ಕೇಸು ಮಳೆಗಾಲ ಬಂತೆಂದರೆ ತಾವಾಗಿಯೇ ಸೀಳು ಬಿಡುತ್ತಿದ್ದವು. ಋತುವಿನ ಜೊತೆ ಬರುವುದರಿಂದ ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಅಂತಲೇ ಹೆಸರು ಬಿತ್ತು. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ತೇವ, ಮತ್ತು ಕೇಸನ್ನು ಎಳೆದು ತಯಾರಿಸುವಾಗ ಹಿತ್ತಾಳೆಯಲ್ಲಿ ಉಳಿದ ಬಿಗಿತ, ಮೂರೂ ಸೇರಿ ಸೀಳುತ್ತವೆ ಅಂತ 1921ರಲ್ಲಿ ವಿವರಣೆ ಬಂತು. ದನದ ಹಟ್ಟಿಯೂ ಅದೇ ಕೆಲಸ ಮಾಡುತ್ತದೆ. ಸೀಸಕ್ಕೆ ಮರದ ಪೆಟ್ಟಿಗೆ ಆಗುವುದಿಲ್ಲ. ಮರದಿಂದ ಬರುವ ಹುಳಿ ಆವಿಗೆ ಸೀಸದ ಮೇಲೆ ಬಿಳಿ ಪುಡಿ ಏಳುತ್ತದೆ. ಆ ಪುಡಿ ವಿಷ. ಕೇಸ್, ಗುಂಡು, ಸೀಸ ಮೂರನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಎಲ್ಲಿ ಸಿಕ್ಕಿತು ಅಂತ ಚೀಟಿ ಬರೆದು ಒಳಗೆ ಹಾಕಿ. ಠಾಣೆಗೆ ಬರೆದ ಅರ್ಜಿಯಲ್ಲಿ ಈ ಮೂರನ್ನೂ ನಮೂದಿಸಿ. ಮಕ್ಕಳ ಕೈಗೆ ಕೊಡಬೇಡಿ, ಸೀಸ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಬೆಲೆ ಎಷ್ಟು ಬರಬಹುದು ಅಂತ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ಏನೂ ಬರುವುದಿಲ್ಲ. ಯಾರಾದರೂ ಆನ್‌ಲೈನಿನಲ್ಲಿ ಕೊಳ್ಳುತ್ತೇನೆ ಅಂದರೂ ಒಪ್ಪಬೇಡಿ.